ಮಾವ ಉಪ್ಪು ಬಿಟ್ಟ ಬ್ಯಾಸಗಿ

ನಮ್ಮ ಅಡಗಿಮನ್ಯಾಗ ಉಪ್ಪು ನಾಕು ಥರದ್ದು ಇರ್ತದ. ಬಂದೋರು ನೋಡಿ ನಗ್ತಾರ, ನಗ್ಲಿ. ಹರಳುಪ್ಪು ಚೀನಿ ಭರಣ್ಯಾಗ, ಪುಡಿ ಉಪ್ಪು ಒಲಿ ಪಕ್ಕದ ಡಬ್ಬ್ಯಾಗ, ಸೈಂಧವ ಉಪ್ಪು ಮ್ಯಾಲಿನ ಮಾಡದಾಗ, ಕರಿ ಉಪ್ಪು ಸಣ್ಣ ಶೀಶೇದಾಗ. ಒಂದರ ಚಮಚ ಇನ್ನೊಂದರಾಗ ಅದ್ದಿದ್ರ ನಾ ಸುಮ್ಮನ ಕುಂದ್ರಾಕಿ ಅಲ್ಲ. ನನ್ನ ಗಂಡ ಅಂತೂ ತಾವಾಗೇ ಮುಟ್ಟಂಗಿಲ್ಲ, ಬಾಗಲದಾಗ ನಿಂತು ಕೇಳ್ತಾರ. ಹಂಗ ಇರ್ಬೇಕು.

ಉಪ್ಪಿನಕಾಯಿಗಿ ಹರಳುಪ್ಪನ ಆಗ್ಬೇಕು. ಪುಡಿ ಉಪ್ಪು ಹಾಕಿದ್ರ ಮಾವಿನಕಾಯಿ ಮೆತ್ತಗಾಗಿ ಮಳಿಗಾಲದಾಗ ಬೂಸ್ಟು ಹಿಡೀತದ. ಹುಣಸಿಹಣ್ಣು ವರ್ಷಕ್ಕ ಕಟ್ಟಿಡಾಕೂ ಅದೇ ಉಪ್ಪು, ತಾಮ್ರದ ಕೊಡ ತಿಕ್ಕಾಕೂ ಅದೇ. ಹೊಸ ಇಳಕಲ್ ಸೀರಿ ಮೊದಲನೇ ಸಲ ನೀರಿಗಿ ಹಾಕುವಾಗ ಬಕೀಟದಾಗ ಒಂದು ಮುಷ್ಟಿ ಹಾಕಿದ್ರ ಬಣ್ಣ ಓಡಂಗಿಲ್ಲ. ಮೊಣಕಾಲು ಹಿಡಕೊಂಡ್ರ ಹಂಚಿನ ಮ್ಯಾಲ ಹುರದು, ಅರಿವ್ಯಾಗ ಗಂಟು ಕಟ್ಟಿ ಶಾಖ ಕೊಡ್ರಿ, ಯಾವ ಮುಲಾಮೂ ಬ್ಯಾಡ. ಹೊಟ್ಟಿ ಉಬ್ಬರಕ್ಕ ಮಜ್ಜಿಗ್ಯಾಗ ಕರಿ ಉಪ್ಪು. ಸೋಮವಾರದ ಒಪ್ಪತ್ತಿಗಿ ಸೈಂಧವ. ಇಷ್ಟೆಲ್ಲಾ ಗೊತ್ತಿದ್ದ ನನಗ ಹೋದ ಬ್ಯಾಸಗ್ಯಾಗ ಒಬ್ಬ ಮುದುಕರ ಬಾಯಾಗ ಒಂದು ಚಿಟಿಕಿ ಉಪ್ಪು ಹಾಕಾಕ ಆಗಲಿಲ್ಲ. ಅದನ್ನ ಹೇಳಾಕತ್ತೀನಿ.

ಉಪ್ಪಿನ ಹುಚ್ಚು ನನಗ ತವರಿನಿಂದ ಬಂದದ್ದು. ದೇವದುರ್ಗದಾಗ ನಮ್ಮಪ್ಪಂದು ಕಿರಾಣಿ ಅಂಗಡಿ ಇತ್ತು. ಅಂಗಡಿ ಮುಚ್ಚುವಾಗ ಬೆಲ್ಲ, ಬ್ಯಾಳಿ, ಎಣ್ಣಿ ಎಲ್ಲಾ ಒಳಗಿಟ್ಟು ಕೀಲಿ ಹಾಕೋವಾ. ಉಪ್ಪಿನ ಚೀಲ ಮಾತ್ರ ಹೊರಗ ಕಟ್ಟಿ ಮ್ಯಾಲ ಬಿಟ್ಟು ಬರೋವಾ. ಯಾರೂ ಮುಟ್ಟತಿದ್ದಿಲ್ಲ. ಯಾಕಪ್ಪಾ ಅಂದ್ರ, "ಹೊನ್ನು ಕದ್ದೋರು ಅದಾರ, ಉಪ್ಪು ಕದ್ದೋರನ್ನ ನಾ ನೋಡಿಲ್ಲವ್ವಾ" ಅಂತಿದ್ದ. ಮಳಿ ಬಂದಾಗ ಚೀಲದ ಕೆಳಗ ನೀರು ಒಸರಿ ಕಟ್ಟಿ ಕಲ್ಲು ಬೆಳ್ಳಗಾಗಿರೋದು. ನಾನು ಶಾಲಿಗಿ ಹೋಗುವಾಗ ಬಟ್ಟು ಅದ್ದಿ ನೆಕ್ಕಿಕೋತ ಹೋಗ್ತಿದ್ದೆ.

ಲಗ್ನ ಆಗಿ ಮಾನ್ವಿಗಿ ಬಂದ್ರ, ಅಲ್ಲಿ ನಮ್ಮತ್ತಿ ನನಗಿಂತ ಒಂದು ಕೈ ಮ್ಯಾಲ. ಉಪ್ಪು ಕೈಯಿಂದ ಕೈಗಿ ಕೊಡಬಾರ್ದು, ಕೆಳಗ ಇಡ್ಬೇಕು, ಇಲ್ಲಾಂದ್ರ ಜಗಳ ಆಗ್ತದ ಅಂತಿದ್ರು. "ಕೊಡಲಾರದನ ದಿನಾ ಜಗಳ ಆಡ್ತೀವಲ್ರೀ ನಾವು" ಅಂದೆ ನಾನು. "ಅದಕ್ಕ ಬೇ, ಇನ್ನ ಕೊಟ್ರ ಏನಾಗಬ್ಯಾಡ!" ಅಂದು ಸೆರಗು ಬಾಯಿಗಿ ಹಚ್ಚಿ ನಕ್ಕಿದ್ರು. ದೀಪ ಹಚ್ಚಿದ ಮ್ಯಾಲ ಉಪ್ಪು ಅಂತ ಹೆಸರು ಎತ್ತಬಾರ್ದು, ರುಚಿ ಅನ್ಬೇಕು. ಎಲ್ಲಾದಕ್ಕಿಂತ ದೊಡ್ಡದು, ಉಪ್ಪು ನೆಲಕ್ಕ ಚೆಲ್ಲಬಾರ್ದು. ಚೆಲ್ಲಿದ್ರ ಸತ್ತ ಮ್ಯಾಲ ಅಷ್ಟನ್ನೂ ಕಣ್ಣರೆಪ್ಪಿಲೆ ಆರಿಸ್ಬೇಕಾಗ್ತದಂತ. ಇದನ್ನ ಹೇಳುವಾಗ ಅತ್ತಿ ಒಂದು ಕಣ್ಣು ಮುಚ್ಚಿ, ರೆಪ್ಪಿ ಹಿಂಡಿ ತೋರಿಸ್ತಿದ್ರು. ನನ್ನ ಗಂಡ, ನನ್ನ ಮೈದುನ ಇಬ್ಬರೂ ಈ ಮಾತು ಕೇಳಿಕೋತ ಬೆಳದೋರು. ಈಗ ದೊಡ್ಡ ದೊಡ್ಡ ಗಂಡಸರಾಗ್ಯಾರ, ಆದ್ರೂ ಊಟಕ್ಕ ಕುಂತಾಗ ನಾಕು ಹರಳು ಬಿದ್ರ ಬಗ್ಗಿ ಆರಿಸ್ತಾರ.

ಶಿವರಾತ್ರಿ ಮುಂದ ಅತ್ತಿ ತೀರಿಕೊಂಡ್ರು. ಮುಂಜಾನಿ ಚಹಾ ಕುಡದು, ಜೋಳ ಹಸನ ಮಾಡಿಕೋತ ಕುಂತೋರು ಹಂಗ ಮೊರದ ಮ್ಯಾಲ ಬಾಗಿದ್ರು, ಅಷ್ಟ. ಗಂಡನ ಕೆಲಸಕ್ಕ ಅಂತ ನಾವು ಆಗಲೇ ರಾಯಚೂರಿನಾಗ ಇದ್ವಿ, ಅಲ್ಲಿಂದ ಹೋಗಿ ಮುಟ್ಟೋದರಾಗ ಮನಿ ಮುಂದ ಮಂದಿ ಕೂಡಿತ್ತು.

ನಮ್ಮಲ್ಲಿ ಸುಡಂಗಿಲ್ಲ. ಗುಂಡಿ ತಗದು, ಅದರಾಗ ಗೂಡು ಕೊರದು, ಕುಂದ್ರಿಸಿ ಮಣ್ಣು ಕೊಡ್ತಾರ. ನೀರಮಾನ್ವಿ ಹಾದಿಗಿ ನಮ್ಮದೊಂದು ಹೊಲ ಅದ, ಅಲ್ಲೇ ತಗದಿದ್ರು. ಒಳಗ ಕುಂದ್ರಿಸಿ, ಹಣಿಗಿ ಈಬತ್ತಿ ಬಳದು, ಬಿಲ್ವಪತ್ರಿ ಹಾಕಿ, ಆಮ್ಯಾಲ ಉಪ್ಪು. ಹರಳುಪ್ಪಿನ ದೊಡ್ಡ ಚೀಲ. ಅಯ್ಯನೋರು ಅದಕ್ಕೂ ಮೂರು ಬಟ್ಟು ಈಬತ್ತಿ ಎಳದಿದ್ರು. ಮೊದಲ ಉಪ್ಪು ಮಾವ ಹಾಕ್ಬೇಕು ಅಂದ್ರು. ಮಾವ ಬೊಗಸಿ ತುಂಬಿ ಹಾಕಿದ್ರು. ಕಾಲಿನ ಮ್ಯಾಲ, ತೊಡಿ ಮ್ಯಾಲ. ಮಂದಿ ಕೈ ಹಚ್ಚಿದ್ರು, ಉಪ್ಪು ಎದಿಮಟ ಬಂತು. ಎಲ್ಲಾರೂ ಗಡಿಬಿಡಿ ಮಾಡಾಕತ್ತಿದ್ರ ಮಾವ ಕೈ ಅಡ್ಡ ಹಿಡದು, "ಸಾವಕಾಶ ಹಾಕ್ರಪಾ, ಆಕಿ ಕಣ್ಣಾಗ ಬಿದ್ದೀತು" ಅಂದ್ರು.

ಅಲ್ಲಿತನಕ ನಾ ಗಟ್ಟಿ ಇದ್ದೆ. ಆ ಮಾತು ಕೇಳಿ ಮಂದಿ ಹಿಂದ ಸರದು ಬದುವಿನ ಮ್ಯಾಲ ಕುಂತೆ.

ಚೀಲದಾಗ ಅರ್ಧದಷ್ಟು ಉಪ್ಪು ಉಳೀತು. ಉಳದದ್ದು ಅಲ್ಲೇ ಮಣ್ಣಿನ ಮ್ಯಾಲ ಹಾಕಿ ಬರ್ಬೇಕು, ಇಲ್ಲಾ ನೀರಿಗಿ ಬಿಡ್ಬೇಕು. ಮನಿಗಿ ತರೋದಿಲ್ಲ. ಮೈದುನಗ ಇದು ಗೊತ್ತಿರಲಿಲ್ಲ ಅಂತಲ್ಲ. ಚೀಲ ಎತ್ತಿ ಬಗ್ಗಿಸಾಕ ಹೋದಾನ, ಅವ್ವ ಕಣ್ಣರೆಪ್ಪಿ ಹಿಂಡಿ ತೋರಿಸಿದ್ದು ನೆನಪಾಗ್ಯದ, ನೆಲಕ್ಕ ಉಪ್ಪು ಸುರವಾಕ ಕೈ ಬಂದಿಲ್ಲ. ಅದೂ ಅವ್ವನ್ನ ಇಟ್ಟ ನೆಲಕ್ಕ. ಟ್ರ್ಯಾಕ್ಟರ್ ಮ್ಯಾಲ ಹಾಕ್ಕೊಂಡು ಬಂದ, ನಾಳಿ ಹಳ್ಳಕ್ಕ ಬಿಟ್ರಾಯ್ತು ಅಂತ ಉಗ್ರಾಣದ ಮೂಲ್ಯಾಗ ಇಟ್ಟ, ಬಂದೋರ ಗದ್ದಲದಾಗ ಮರತ. ಬೈಬೇಕಂದ್ರ ಹೆಂಗ ಬೈಯೋದು ಹೇಳ್ರಿ. ಆದ್ರೂ ಬೈದೆ, ಬಿಡಲಿಲ್ಲ.

ಅತ್ತಿ ತಿಥಿ ಊಟ, ಶಿವಗಣಾರಾಧನಿ ದಿನ ಅಡಗಿಯೋರು ಬಂದ್ರು. ಅವರು ಉಪ್ಪು ಕೇಳ್ಯಾರ, ಯಾರೋ ಉಗ್ರಾಣ ತೋರಿಸ್ಯಾರ. ಅನ್ನದ ಕೊಪ್ಪರಿಗಿ, ಸಾರು, ಬದನಿಕಾಯಿ ಪಲ್ಯ, ಎಲ್ಲಾಕ್ಕೂ ಅದೇ ಉಪ್ಪು. ಬಂದ ಮಂದಿ ಉಂಡು, ಒಳ್ಳೇ ರುಚಿ ಆಗ್ಯದ ಅಂತ ಕೈ ನೆಕ್ಕಿ ಎದ್ದು ಹೋದ್ರು. ಮಾವ ಕಡಿ ಪಂಕ್ತ್ಯಾಗ ಕುಂತು ಒಂದು ತುತ್ತು ಬಾಯಾಗ ಇಟ್ಟಿದ್ರು. ಅಷ್ಟೊತ್ತಿಗಿ ಅಡಗಿಯಾವ ಚೀಲ ಎಳಕೋತ ಎದುರಿಗಿ ಬಂದ. ಚೀಲದ ಮ್ಯಾಲ ಮೂರು ಬಟ್ಟು ಈಬತ್ತಿ.

ಮಾವ ನೋಡಿದ್ರು. ಬಾಯಾಗಿನ ತುತ್ತು ಉಗುಳಾಂಗಿಲ್ಲ, ಅನ್ನ. ನುಂಗಾಂಗಿಲ್ಲ. ಕಣ್ಣು ಮುಚ್ಚಿ ನುಂಗಿದ್ರು. ಕೈ ತೊಳಕೊಂಡು ಬಂದು ನನಗ ಹೇಳಿದ್ರು, "ಯವ್ವಾ, ಆಕಿ ಪಾಲಿಂದು ಕಸಗೊಂಡು ಉಂಡೆ. ಇನ್ನ ನನಗ ಉಪ್ಪು ಬ್ಯಾಡ."

ನಾಕು ದಿನದ ದುಃಖ ಅಂತ ತಿಳಕೊಂಡೆ ನಾನು. ಮಾವರನ್ನ ರಾಯಚೂರಿಗಿ ನಮ್ಮ ಸಂಗಾಟ ಕರಕೊಂಡು ಬಂದ್ವಿ. ನನ್ನ ಗಂಡ ಹತ್ತಿ ಜಿನ್‌ದಾಗ ಕೆಲಸ ಮಾಡ್ತಾರ, ಗಂಜ್ ಕಡಿ ನಮ್ಮ ಮನಿ. ಮುಂಜಾನಿ ಅವರು ಹೋದ್ರ ದಿನವೆಲ್ಲಾ ಮನ್ಯಾಗ ನಾನು, ಮಾವ ಇಬ್ಬರ. ಜ್ವಾಳದ ರೊಟ್ಟಿಗಿ ಹೆಂಗೂ ಉಪ್ಪಿಲ್ಲ. ಪಲ್ಯಕ್ಕ, ಬ್ಯಾಳಿಗಿ ಮಾವರದ್ದು ಬ್ಯಾರೆ ತಗದಿಟ್ಟು ಆಮ್ಯಾಲ ನಮ್ಮದಕ್ಕ ಉಪ್ಪು ಹಾಕ್ತಿದ್ದೆ. ಪುಂಡಿ ಪಲ್ಯ ಉಪ್ಪಿಲ್ಲದ ಉಂಡು ನೋಡ್ರಿ ಒಮ್ಮೆ. ಬರೀ ಹುಳಿ, ಹಲ್ಲು ಜುಮ್ ಅಂತಾವ. ಮಾವ ತಲಿ ಬಗ್ಗಿಸಿ ಉಣ್ತಿದ್ರು. ಮಂದಿಗಿ ಡಾಕ್ಟರು ಉಪ್ಪು ಕಮ್ಮಿ ಮಾಡ್ರಿ ಅಂತ ಬಡಕೋತಾರ, ನನ್ನ ಗಂಡಗೂ ಹೇಳ್ಯಾರ. ಬಿಟ್ರ ಏನ ಕೆಡ್ತದ, ಒಳ್ಳೇದ ಅಂದ್ರು ಓಣ್ಯಾಗಿನೋರು.

ಯುಗಾದಿ ಆದ ಮ್ಯಾಲ ರಾಯಚೂರು ಬಿಸಿಲು ನಿಮಗ ಗೊತ್ತದ. ನೆಲ ಕಾದ ಹಂಚಾಗ್ತದ. ಮಾವ ತಂಬಿಗಿ ಮ್ಯಾಲ ತಂಬಿಗಿ ನೀರು ಕುಡಿಯೋದು, ಬೆವರೋದು, ಮತ್ತ ಕುಡಿಯೋದು. ಆವಾಗ ಶುರುವಾಯ್ತು.

ಮಧ್ಯಾಹ್ನ ಕರೆಂಟ್ ಹೋಗಿತ್ತು. ನಾ ಅಡಗಿಮನ್ಯಾಗ ಬಾಂಡೆ ಇಡಾಕತ್ತಿದ್ದೆ. ಮಾವ ಪಡಸಾಲ್ಯಾಗ ಹೊರಸಿನ ಮ್ಯಾಲ ಕುಂತು, "ಆಚಿ ಸರಿ, ಬಾಗಲದಾಗ ಕುಂತ್ರ ಆಕಿ ಹೆಂಗ ಓಡಾಡಬೇಕು" ಅಂದ್ರು. ನನಗ ಅಂದ್ರೇನೋ ಅಂತ ತಿರುಗಿ ನೋಡಿದೆ. ಅವರು ನನ್ನ ನೋಡಾಕತ್ತಿದ್ದಿಲ್ಲ. ಅಡಗಿಮನಿ ಬಾಗಲ ಹತ್ತರ, ಗ್ವಾಡಿಗಿ ಹಚ್ಚಿ ಕುಂದ್ರಾಕ ಒಂದು ಕಟಗಿ ಮಣಿ ಇಟ್ಟೀನಿ, ಅದರ ಕಡಿ ನೋಡಾಕತ್ತಿದ್ರು. ಮಣಿ ಖಾಲಿ ಇತ್ತು.

"ಯಾರಿಗ್ರೀ ಮಾವಾರ?" ಅಂದೆ.

"ನಿಮ್ಮತ್ತಿಗಿ ಹೇಳಿದೆ" ಅಂದ್ರು. ಮನ್ಯಾಗ ಇದ್ದೋರ ಸುದ್ದಿ ಹೇಳ್ತಾರಲ್ಲ, ಹಂಗ.

ಸುಳ್ಳ್ಯಾಕ ಹೇಳ್ಲಿ, ಕೈಯಾಗಿನ ಬಾಂಡೆ ಇಡಾಕ ಕೆಳಗ ಬಗ್ಗಲಿಕ್ಕೂ ಅಂಜಿಕಿ. ಅವತ್ತು ಸಂಜಿಮಟ ನಾ ಆ ಮಣಿ ದಾಟಿ ಅಡಗಿಮನಿಯಿಂದ ಹೊರಗ ಬರಲಿಲ್ಲ. ಗಂಡ ಬಂದ ಮ್ಯಾಲ ಹೇಳಿದ್ರ, "ಮುಪ್ಪಿನ ಕಾಲ, ನೆನಪಾಗ್ತದ, ಮಾತಾಡ್ತಾರ" ಅಂದ್ರು. ಅವರು ಯಾವ ಮಾತಿಗೂ ಹಂಗ, ಬೆಂಕಿ ಬಿದ್ರೂ ಬೆಚ್ಚಗಾತು ಅನ್ನೋ ಪೈಕಿ.

ಬರಬರ್ತ ಅತ್ತಿ ದಿನಾ ಬರಾಕತ್ತಿದ್ರು. ಮಧ್ಯಾಹ್ನದ ಹೊತ್ತ. ಮಾವ ಹೊರಸಿನ ಮ್ಯಾಲ ಸರದು ಜಾಗ ಮಾಡೋರು. ಒಮ್ಮೆ ಸೆಕಿ ಭಾಳ ಅದ ಅಂತ ಬೀಸಣಿಕಿ ತಗೊಂಡು ಖಾಲಿ ಮಣಿಗಿ ಗಾಳಿ ಹಾಕಿಕೋತ ಕುಂತಿದ್ರು. ಅವರ ಮುಖದಾಗ ಅಂಜಿಕಿ ಇದ್ದಿಲ್ಲ, ಒಂದು ನಮೂನಿ ಸಮಾಧಾನ ಇತ್ತು. ಅಂಜಿಕಿ ಎಲ್ಲಾ ನನಗ. ಮಣಿ ಎತ್ತಿ ಅಟ್ಟದ ಮ್ಯಾಲ ಇಡೋಣ ಅಂದ್ರ ಅದನ್ನ ಮುಟ್ಟಾಕ ಕೈ ಬರವಲ್ದು. ಅಲ್ಲಿ ಕಸ ಹೊಡಿವಾಗ ಸಹಿತ ಕಸಬರಿಗಿ ಮಣಿಗಿ ತಾಗಬಾರದು ಅಂತ ಸುತ್ತು ಹಾಕಿ ಹೊಡಿತಿದ್ದೆ. ಕಸಬರಿಗಿ ತಾಗಿದ್ರ ಅತ್ತಿಗಿ ಸಿಟ್ಟು ಬರ್ತಿತ್ತು, ಬದುಕಿದ್ದಾಗ.

ಕಡಿಗಿ ನನಗ ಗೊತ್ತಿದ್ದ ವಿದ್ಯಾ ತಗದೆ. ಒಂದು ಮುಷ್ಟಿ ಹರಳುಪ್ಪು, ಒಣ ಮೆಣಸಿನಕಾಯಿ ತಗೊಂಡು ಮಾವರಿಗಿ ಇಳಿ ತಗದು, ಕೆಂಡದಾಗ ಹಾಕಿದೆ. ಉಪ್ಪು ಚಟಚಟ ಸಿಡೀತು, ಹೊಗಿ ಎದ್ದಿತು. ಮೆಣಸಿನಕಾಯಿ ಘಾಟಿಗಿ ನನಗ ಕೆಮ್ಮು ಬರ್ಲಿಲ್ಲಂದ್ರ ದೃಷ್ಟಿ ಭಾರಿ ಅದ ಅಂತ ಲೆಕ್ಕ. ಕೆಮ್ಮು ಬಂತೋ ಇಲ್ಲೋ ನೋಡಿಕೋತ ನಿಂತಿದ್ದೆ. ಮಾವ ಹೊರಸಿನಿಂದ ಎದ್ದು, "ಯವ್ವಾ, ಹೊರಗ ಒಯ್ಯಿ ಅದನ್ನ. ಆಕಿ ಕೆಮ್ಮಾಕತ್ತಾಳ" ಅಂದ್ರು.

ಕೆಂಡದ ಬೋಗುಣಿ ಹಿಡಕೊಂಡು ಹೊರಗ ಓಡಿದೆ. ಅಂಗಳದಾಗ ನಿಂತು ಅಳಬೇಕೋ ನಗಬೇಕೋ ತಿಳೀಲಿಲ್ಲ. ಎದುರಮನಿಯಾಕಿ, "ಏನ್ರೀ, ಕಣ್ಣಾಗ ನೀರು?" ಅಂದ್ಳು. ಮೆಣಸಿನಕಾಯಿ ಘಾಟು ಅಂದೆ.

ಅದಾದ ಮ್ಯಾಲ ಒಂದು ಮುಂಜಾನಿ ಮಾವ ಬಚ್ಚಲದಾಗ ಬಿದ್ರು. ಎತ್ತಿದ್ರ ಮಾತು ತೊದಲಾಕತ್ತಿತ್ತು, ನನ್ನ ಗುರುತು ಹತ್ತವಲ್ದು. ಆಟೋದಾಗ ಹಾಕ್ಕೊಂಡು ದವಾಖಾನಿಗಿ ಒಯ್ದಿವಿ. ಡಾಕ್ಟರಮ್ಮ ಸಣ್ಣ ವಯಸ್ಸಿನಾಕಿ, ಸಾವಕಾಶ ತಿಳಿಸಿ ಹೇಳಿದ್ಳು. ರಕ್ತದಾಗ ಉಪ್ಪು ಪೂರಾ ಇಳದದ, ಬ್ಯಾಸಗ್ಯಾಗ ಬೆವರು ಹರದು, ಬರೀ ನೀರು ಕುಡದು ಇದ್ದಷ್ಟೂ ತೆಳ್ಳಗಾಗ್ಯದ. ವಯಸ್ಸಾದೋರಿಗಿ ಹಂಗಾದ್ರ ಮೆದುಳು ಗಲಿಬಿಲಿ ಆಗ್ತದ, ಇಲ್ಲದವರು ಕಾಣ್ತಾರ, ಮಾತಾಡ್ತಾರ. ನಾನು, "ತೀರಿಕೊಂಡೋರು ಕಾಣ್ತಾರೇನ್ರೀ?" ಅಂದೆ. "ಕಾಣಬಹುದು" ಅಂದ್ಳು. ಇನ್ನೊಮ್ಮೆ ಇಷ್ಟು ಇಳದ್ರ ಜೀವಕ್ಕ ಅಪಾಯ, ಉಪ್ಪು ಹಾಕಿದ ಊಟನ ಕೊಡ್ರಿ ಅಂತ ಒತ್ತಿ ಹೇಳಿದ್ಳು.

ಉಪ್ಪುನೀರಿನ ಬಾಟ್ಲಿ ಏರಿಸಿದ್ರು. ಹನಿ ಹನಿಯಾಗಿ ಕೈಯಾಗ ಇಳೀತಿತ್ತು. ಒಂದೆರಡು ದಿನದಾಗ ಮಾವರ ಕಣ್ಣು ತಿಳಿ ಆದ್ವು. ಮಗನ ಗುರುತು ಹಿಡದ್ರು, ನಾ ತಂದ ಗಂಜಿ ಬಿಸಿ ಆತು ಅಂತ ತಂಟೆ ತಗದ್ರು. ನನಗ ಜೀವ ಬಂತು. ಆಮ್ಯಾಲ ಮಂಚದ ಸುತ್ತ ನೋಡಿ, ಬಾಗಲ ಕಡಿ ನೋಡಿ, ಸಣ್ಣ ದನಿಲೆ ಕೇಳಿದ್ರು:

"ಆಕಿ ಇಲ್ಲಿ ಬರಲಿಲ್ಲಲ್ಲ?"

ಗಂಡ ಬಾಟ್ಲಿ ಕಡಿ ನೋಡಿಕೋತ ನಿಂತ್ರು. ನಾ ಡಾಕ್ಟರಮ್ಮ ಹೇಳಿದ್ದನ್ನ ಇದ್ದಂಗ ಹೇಳಿಬಿಟ್ಟೆ. ಉಪ್ಪು ಕಮ್ಮಿ ಆಗಿ ಹಂಗ ಕಂಡಿದ್ದು, ಈಗ ಉಪ್ಪು ಏರ್ಯದ, ಇನ್ನ ಕಾಣಂಗಿಲ್ಲ, ಅಂಜಬ್ಯಾಡ್ರಿ ಅಂದೆ. ಮಾವ ಮುಖ ಗ್ವಾಡಿ ಕಡಿ ತಿರುಗಿಸಿದ್ರು.

ಮನಿಗಿ ಬಂದ ಮ್ಯಾಲ ತಾಟು ಮುಂದಿಟ್ಟೆ. ಬ್ಯಾಳಿ ಒಂದು ಬಟ್ಟು ನಾಲಿಗಿಗಿ ಹಚ್ಚಿ ತಾಟು ಸರಿಸಿದ್ರು. "ಉಪ್ಪು ಉಂಡ್ರ ಆಕಿ ಬರಂಗಿಲ್ಲ. ದವಾಖಾನ್ಯಾಗ ನೋಡಿದೆನಲ್ಲ" ಅಂದ್ರು.

ಮೊದಲು ಪಾಲು ಕಸಗೊಂಡೆ ಅನ್ನೋ ದುಃಖಕ್ಕ ಬಿಟ್ಟಿದ್ರು. ಈಗ ತಿಳದು, ಲೆಕ್ಕ ಹಾಕಿ ಬಿಟ್ರು. ನನಗ ಸಿಟ್ಟು ನೆತ್ತಿಗೇರಿತು. ಗಂಡ ಕೈ ಮುಗದು ಬೇಡಿಕೊಂಡ್ರು, ಅಪ್ಪನ ಪಾದ ಹಿಡದ್ರು, ಏನೂ ನಡೀಲಿಲ್ಲ. ನಾ ಕಳ್ಳ ಕೆಲಸಕ್ಕ ಇಳದೆ. ರೊಟ್ಟಿ ಹಿಟ್ಟಿನಾಗ ಉಪ್ಪು ನಾದಿದೆ, ಒಂದು ತುಣುಕು ಹರದು ನಾಲಿಗಿಗಿ ಹಚ್ಚಿ ಇಟ್ಟುಬಿಟ್ರು. ಮಜ್ಜಿಗ್ಯಾಗ ಕರಿ ಉಪ್ಪು ಹಾಕಿದೆ, ಅದರ ಗಬ್ಬು ನಾತ ಓಣಿಗೆಲ್ಲಾ ಹೇಳ್ತದ, ಮಾವರಿಗಿ ಗೊತ್ತಾಗಲಾರದ ಇರ್ತದೇನು! ಕಡಿಗಿ ಮ್ಯಾಲಿನ ಮಾಡದಿಂದ ಸೈಂಧವ ಇಳಿಸಿ, ನಸುಗೆಂಪು ಗಟ್ಟಿ ಅವರ ಮುಂದನ ಕುಟ್ಟಿದೆ. "ನೋಡ್ರಿ ಮಾವಾರ, ಇದು ಸಮುದ್ರದ್ದಲ್ಲ, ಗುಡ್ಡದ್ದು. ಆ ಚೀಲದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಉಪ್ಪು ಬಿಟ್ಟ ದಿನ ಅತ್ತಿನೂ ಇದನ್ನ ಉಣ್ತಿದ್ರು. ವ್ರತ ಕೆಡಂಗಿಲ್ಲ." ನಾ ಭಾರಿ ವಕೀಲಗಿತ್ತಿ ಹಂಗ ವಾದ ಮಾಡಿದೆ. ಮಾವ ನಕ್ಕರು. "ಗುಡ್ಡದ್ದಿರ್ಲಿ, ಸಮುದ್ರದ್ದಿರ್ಲಿ ಯವ್ವಾ, ಆಕಿನ್ನ ಕಳಸೋದು ಕಳಸ್ತದ."

ಅತ್ತಿ ಮತ್ತ ಬಂದ್ರು.

ಈ ಸಲ ನನಗ ಅಂಜಿಕಿ ಬ್ಯಾರೆ ಥರದ್ದು. ಅತ್ತಿ ಬಂದ್ರಂದ್ರ ಮಾವ ಹೊಂಟ್ರು ಅಂತ ಅರ್ಥ. ಮಾವ ಮಣಿ ಕಡಿ ತಿರುಗಿ ಮಾತು ತಗದ್ರ ನನಗ ಬಚ್ಚಲದಾಗ ಬಿದ್ದ ಸಪ್ಪಳ ಕೇಳಿಸ್ತಿತ್ತು. ಆದ್ರ ಇನ್ನೊಂದು ಮಾತೂ ಖರೇ. ನನಗೂ ಅತ್ತಿ ಬೇಕಾಗಿದ್ರು. ದಿನಾ ಜಗಳ ಆಡಿದಾಕಿ ಇಲ್ಲಂದ್ರ ಮನಿ ಹೆಂಗ ಸಪ್ಪ ಆಗ್ತದ ಅಂತ ಆಡಿದೋರಿಗಿ ಗೊತ್ತು. ಒಂದು ಮಧ್ಯಾಹ್ನ ತಡೀಲಾರದ ಕೇಳಿಬಿಟ್ಟೆ, "ನನ್ನ ಬಗ್ಗಿ ಏನರ ಅಂತಾರೇನ್ರೀ?" ಮಾವ ಮಣಿ ಕಡಿ ನೋಡಿ, "ನಿನ್ನ ನೋಡಿ ನಗಾಕತ್ತಾಳ, ಸೆರಗು ಬಾಯಿಗಿ ಹಚ್ಚಿ" ಅಂದ್ರು. ನಾ ಅಡಗಿಮನ್ಯಾಗ ಹೋಗಿ ಒಲಿ ಮುಂದ ಕುಂತು ಅತ್ತೆ. ಒಮ್ಮೆ, ಒಂದ ಒಮ್ಮೆ ನನಗೂ ಕಾಣಬಾರದಾ ಅನಿಸ್ತು. ಕಾಣಲಿಲ್ಲ. ನಾ ಉಪ್ಪು ಉಣ್ಣಾಕಿ.

ಮಳಿಗಾಲ ಹತ್ತರ ಬಂದಾಗ ಮಾವ ಅತ್ತಿನ್ನ ಇಟ್ಟ ಹೊಲಕ್ಕ ಹೋಗ್ಬೇಕು ಅಂತ ಹಟ ಹಿಡದ್ರು. ಗಂಡ ಕಾರು ಮಾಡಿದ್ರು. ಬುತ್ತಿ ಕಟ್ಟಿದೆ, ನಮ್ಮದೊಂದು ಗಂಟು, ಮಾವರ ಉಪ್ಪಿಲ್ಲದ್ದು ಒಂದು ಗಂಟು. ಮಾನ್ವಿ ದಾಟಿ ನೀರಮಾನ್ವಿ ಹಾದಿ ಹಿಡದು ಹೊಲಕ್ಕ ಮುಟ್ಟಿದ್ವಿ. ಗುಂಡಿ ಸುತ್ತ ನೆಲ ಬೆಳ್ಳಗ. ಯಾರೋ ಉಪ್ಪು ಚೆಲ್ಲಿ ಹೋದಂಗ, ಕಾಲಿಟ್ರ ಪಟಪಟ ಒಡಿಯೋ ಬಿಳೀ ಹೆಪ್ಪಳಿಕಿ.

"ನೋಡು, ಆಕಿ ಉಪ್ಪು ಮ್ಯಾಲ ಬಂದದ" ಅಂದ್ರು ಮಾವ. "ನಾ ಉಂಡಷ್ಟು ಕೇಳಾಕತ್ತಾಳ."

"ಸವಳು ಅದು ಮಾವಾರ" ಅಂದೆ. ಕಾಲುವಿ ನೀರು ಬಂದಾಗಿಂದ ಈ ಕಡಿ ಭಾಳ ಹೊಲಕ್ಕ ಹಂಗ ಆಗ್ಯದ. ನೀರು ಜವುಗು ಹಿಡದು, ಬ್ಯಾಸಗ್ಯಾಗ ಒಣಗಿದ್ರ ನೆಲದ ಉಪ್ಪು ಮ್ಯಾಲ ಏಳ್ತದ. ಹಿರೇಕೊಟ್ನೆಕಲ್ ಹಾದ್ಯಾಗೂ ಕಂಡೀನಿ, ಬಾಗಲವಾಡ ಕಡಿಗೂ ಅದ. ಇದು ಮಾವರಿಗಿ ನನಗಿಂತ ಛಲೋ ಗೊತ್ತು, ಭತ್ತ ಬೆಳದು, ಮಾರಿ ಬಾಳೇವು ಮಾಡಿದೋರು. ಅವರು ಕೇಳಲಿಲ್ಲ. ಬಗ್ಗಿ ಒಂದು ಚಿಟಿಕಿ ಬಿಳೀ ಮಣ್ಣು ಎತ್ತಿ ನಾಲಿಗಿ ಮ್ಯಾಲ ಇಟ್ಟುಕೊಂಡ್ರು. ಮುಖ ಕಿವಿಚಿತು. ಉಗುಳಿದ್ರು. "ಕಹಿ" ಅಂದ್ರು. ಅಲ್ಲೇ ಬದುವಿನ ಮ್ಯಾಲ ಕುಂತುಬಿಟ್ರು. ಗಂಡ ನೀರು ತರಾಕ ಕಾರಿನ ಕಡಿ ಹೋದ್ರು.

ನಾ ಬಾಜೂಕ ಕುಂತು ಕೇಳಿದೆ, "ಮಾವಾರ, ಒಂದು ಮಾತು ಖರೇ ಹೇಳ್ರಿ. ಅತ್ತಿ ದಿನಾ ಬರ್ತಾರಲ್ಲ, ಏನ ಮಾತಾಡ್ತಾರ?"

"ಆಕಿ ಎಲ್ಲಿ ಮಾತಾಡ್ತಾಳ. ಬದುಕಿದ್ದಾಗೂ ನನ್ನ ಜೋಡಿ ಅಷ್ಟಕ್ಕಷ್ಟ. ಬರ್ತಾಳ, ಕುಂದ್ರತಾಳ. ಉಂಡ್ರೇನು ಅಂತ ಕೇಳ್ತಾಳ."

"ಮತ್ತ ನೀವೇನಂತೀರಿ?"

"ಉಂಡೆ ಅಂತೀನಿ."

ಆವಾಗ ಹರೀತು ನೋಡ್ರಿ ನನ್ನ ಬಾಯಿ. ಇಷ್ಟು ದಿನ ಹಿಡದಿಟ್ಟಿದ್ದು ಎಲ್ಲಾ. "ಸುಳ್ಳು ಹೇಳ್ತೀರಿ! ಅತ್ತಿ ಮುಂದ ದಿನಾ ಸುಳ್ಳು ಹೇಳ್ತೀರಿ! ಸಪ್ಪನ ಗಂಜಿ ಎರಡು ಗುಟುಕು ಕುಡದು ಉಂಡೆ ಅಂತೀರೇನು? ಆಕಿ ಹಂಗ ಉಣ್ಣಾಕ ಬಿಟ್ಟಿದ್ದಳೇನು ನಿಮ್ಮನ್ನ ಒಂದು ದಿನ? ನೀವು ಬರೂದು ತಡ ಆದ್ರ ತಾನೂ ಉಣ್ಣಲಾರದ ಕುಂದ್ರತಿದ್ದಾಕಿ. ಅಂಥಾಕಿ ಸತ್ತ ಮ್ಯಾಲೂ ಬಿಸಿಲಾಗ ನಡಕೋತ ಬಂದು ಉಂಡ್ರೇನು ಅಂತ ಕೇಳಿದ್ರ, ಸುಳ್ಳು ಹೇಳಿ ಕಳಸ್ತೀರಿ. ನಾಳಿ ಮತ್ತ ಬರಾಕ ಹಚ್ಚತೀರಿ. ನಿಮಗ ಆಕಿ ಬೇಕು, ಆಕಿಗಿ ಏನು ಬೇಕು ಅಂತ ಕೇಳೀರೇನು?"

ಮಾವರಿಗಿ ಯಾರೂ ಹಂಗ ಮಾತಾಡಿದ್ದಿಲ್ಲ. ಸೊಸಿ ಅಂತೂ ಮಾತಾಡಬಾರ್ದು. ಗಂಡ ತಂಬಿಗಿ ಹಿಡಕೊಂಡು ದೂರನ ನಿಂತುಬಿಟ್ಟಿದ್ರು. ಮಾವ ಗುಂಡಿ ಕಡಿ ನೋಡಿದ್ರು. ಬೈತಾರ, ಇಲ್ಲಾ ಎದ್ದು ಹೋಗ್ತಾರ ಅಂದ್ಕೊಂಡೆ. ಆಮ್ಯಾಲ ಕೈ ಚಾಚಿ, ತಮ್ಮ ಗಂಟು ಬಿಟ್ಟು ನಮ್ಮ ಬುತ್ತಿ ಗಂಟು ಬಿಚ್ಚಿದ್ರು.

ರೊಟ್ಟಿ, ಶೇಂಗಾ ಹಿಂಡಿ, ಬದನಿಕಾಯಿ ಪಲ್ಯ ಇತ್ತು. ರೊಟ್ಟಿ ಮುರದು ಹಿಂಡಿ ಹಚ್ಚಿ ಬಾಯಾಗ ಇಟ್ರು. ಅಗದ್ರು. ಕಣ್ಣೀರು ಇಳದು ಮೀಸಿ ದಾಟಿ ಬಾಯಿಗಿ ಬಂತು, ಒರಸಿಕೊಳ್ಳಲಿಲ್ಲ. ನಾ ಬಡಿಸಲಿಲ್ಲ, ಮುಟ್ಟಲಿಲ್ಲ. ಒಂದು ರೊಟ್ಟಿ ಪೂರಾ ಉಂಡ್ರು. ಇನ್ನೊಂದು ತಗೊಂಡ್ರು. ಉಂಡು ಕೈ ತೊಳದು, ಗುಂಡಿ ಹತ್ತರ ಹೋಗಿ ನಿಂತು, "ಉಂಡೆ ನೋಡು" ಅಂದ್ರು. ಗಟ್ಟ್ಯಾಗಿ ಅಂದ್ರು, ಕಿವಿ ಮಂದ ಇದ್ದೋರಿಗಿ ಹೇಳಿದಂಗ.

ಅವತ್ತಿನಿಂದ ದಿನಾ ಉಪ್ಪಿನ ಊಟ ಉಣ್ತಾರ. ಅತ್ತಿ ಬರೋದು ನಿಂತಿತು. ರಕ್ತ ಪರೀಕ್ಷಿ ಮಾಡಿಸಿದ್ವಿ, ಎಲ್ಲಾ ಛಲೋ ಅದ ಅಂದ್ಳು ಡಾಕ್ಟರಮ್ಮ. ಗಂಡ ಪೇಢಾ ಹಂಚಿದ್ರು. ಮಾವರ ಕೈಕಾಲಿಗಿ ಶಕ್ತಿ ಬಂತು, ಸಂಜಿಕ ಗುಡಿಮಟ ಹೋಗಿ ಬರ್ತಾರ. ಮಧ್ಯಾಹ್ನ ಮಾತ್ರ ಎಲ್ಲಿಗೂ ಹೋಗಂಗಿಲ್ಲ. ಉಂಡು ಹೊರಸಿನ ಮ್ಯಾಲ ಕುಂತು ಬಾಗಲ ಹತ್ತರದ ಮಣಿ ಕಡಿ ನೋಡ್ತಾರ.

ಒಂದು ದಿನ ನನಗ ನೋಡಲಿಕ್ಕೆ ಆಗಲಿಲ್ಲ. ಗೆದ್ದೀನಿ ಅನ್ನೋ ಸೊಕ್ಕೂ ಒಂಚೂರು ಇತ್ತೇನೋ. ಸೆರಗು ತಲಿ ಮ್ಯಾಲ ಎಳಕೊಂಡು ಹೋಗಿ ಆ ಮಣಿ ಮ್ಯಾಲ ಕುಂತೆ. "ಮಾವಾರ, ಉಂಡ್ರೇನ್ರೀ?" ಅಂತ ಕೇಳಿದೆ.

ಮಾವ ನನ್ನ ನೋಡಿದ್ರು. ಸಿಟ್ಟಿದ್ದಿಲ್ಲ ಆ ಮುಖದಾಗ.

"ನೀ ಕೇಳಬ್ಯಾಡ ಯವ್ವಾ" ಅಂದ್ರು. "ಏಳು ಅಲ್ಲಿಂದ."

ಎದ್ದೆ. ನಮ್ಮ ಕಡಿ ಹಾದ್ಯಾಗ ಸಿಕ್ಕೋರೂ, ಫೋನ್ ಮಾಡಿದೋರೂ ಮೊದಲು ಕೇಳೋದು ಊಟ ಆತೇನ್ರೀ ಅಂತನ. ನಮ್ಮ ಮನ್ಯಾಗ ಆ ಮಾತು ಯಾರೂ ಕೇಳಂಗಿಲ್ಲ. ನಾ ಉಪ್ಪು ಹಾಕಿ ಮಾಡ್ತೀನಿ, ಮಾವ ಉಣ್ತಾರ, ನಾ ತಾಟು ಎತ್ತತೀನಿ.